ಟಕಾರಕ್ಕೊಂದು ಗುಡಿಸು

ತಟ್ಟೆಯನ್ನು ಮೂರು ಪಾಲು ಮಾಡಬೇಕು ಎಂದು ಚಿಕ್ಕಬಳ್ಳಾಪುರದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಶಕ್ತಿ ಕೊಡುವುದು ಒಂದು ಪಾಲು, ಮೈ ಬೆಳೆಸುವುದು ಒಂದು ಪಾಲು, ರೋಗ ತಡೆಯುವುದು ಒಂದು ಪಾಲು. ಹೇಳಿಕೊಟ್ಟ ಹುಡುಗ ಎಲುಬು ಎಣಿಸುವಷ್ಟು ತೆಳ್ಳಗಿದ್ದ. ಎಣ್ಣೆಯನ್ನು ಹಿತಮಿತವಾಗಿ ಬಳಸಬೇಕೆಂದು ಅವನು ಮಾತು ಮುಗಿಸಿದ ಮೇಲೆ ಎಲ್ಲ ಶಿಕ್ಷಕರಿಗೂ ಪೂರಿ ಸಾಗು, ಕೇಸರಿಬಾತು ಕೊಟ್ಟಿದ್ದರು. ಜ್ಯೋತಿಲಕ್ಷ್ಮಿ ಎರಡನೆಯ ಸಲವೂ ಹಾಕಿಸಿಕೊಂಡಿದ್ದಳು. ಈಗ ದಿಬ್ಬೂರಹಳ್ಳಿಯಿಂದ ಮೂರು ಮೈಲಿ ದೂರದ ಈ ಶಾಲೆಯ ಆರನೇ ತರಗತಿಯಲ್ಲಿ, ಬಿಸಿಯೂಟದ ಅಡುಗೆಮನೆಯಿಂದ ಗಂಗುಲಮ್ಮನ ಸಾರಿನ ಪಾತ್ರೆಯ ಮುಚ್ಚಳ ಕೇಳಿ ತಂದು, ಅದನ್ನು ಚಾರ್ಟಿನ ಮೇಲೆ ಬೋರಲು ಹಾಕಿ ಗೆರೆ ಎಳೆದು ತಟ್ಟೆ ಮಾಡಿದಾಗ, ಮುಚ್ಚಳದ ಅಂಚಿನ ಬೇಳೆಯ ಕರೆಯೂ ಸುತ್ತಿನಲ್ಲಿ ಮೂಡಿತು. ಮಕ್ಕಳಿಗೆ ಅಂಗೈಯಗಲದ ಚೀಟಿ ಹಂಚಿದಳು. ನಿನ್ನೆ ಸಾಯಂಕಾಲ ನಿಮ್ಮ ಮನೆಯಲ್ಲಿ ಏನು ಊಟ, ಒಂದೇ ಸಾಲು, ಸುಳ್ಳು ಬರೆಯಬಾರದು. ಸುಳ್ಳು ಬರೆಯಬಾರದು ಎಂದ ತಕ್ಷಣ ಇಪ್ಪತ್ತಮೂರು ತಲೆಗಳೂ ಸುಳ್ಳು ಹುಡುಕತೊಡಗಿದ್ದು ಅವಳಿಗೆ ಕಾಣುತ್ತಲೇ ಇತ್ತು. ಇಪ್ಪತ್ತು ವರ್ಷ ಮೇಷ್ಟ್ರುಗಿರಿ ಮಾಡಿದವರಿಗೆ ಪೆನ್ಸಿಲು ಕಚ್ಚುವ ರೀತಿಯಲ್ಲೇ ಅದು ತಿಳಿಯುತ್ತದೆ.

"ಮಿಸ್, ಯಾರ ಮನೇದು ಬರೀಬೇಕು?" ಎಂದು ಮೂರನೆಯ ಸಾಲಿನಿಂದ ಹರಿತಾ ಕೇಳಿದಳು. ಎರಡು ಜಡೆಯ, ಮಾತು ಕಡಿಮೆಯ ಹುಡುಗಿ.

"ಯಾರ ಮನೇದು ಅಂದ್ರೆ? ಪಕ್ಕದ ಮನೇಲಿ ಇಣುಕಿ ನೋಡ್ಕೊಂಡು ಬಂದಿದ್ದೀಯಾ? ನಿಮ್ಮನೇದೇ ಕಣಮ್ಮ."

ತರಗತಿ ನಕ್ಕಿತು. ಹರಿತಾಳೂ ನಕ್ಕ ಹಾಗೆ ಮಾಡಿ ತಲೆ ತಗ್ಗಿಸಿದಳು.

ಚೀಟಿಗಳು ಬಂದವು. ಊರಿನಲ್ಲಿ ಒಂದೇ ಸಂಜೆ ಅಷ್ಟೊಂದು ಕೋಳಿಗಳು ಸತ್ತಿರಲಿಕ್ಕೆ ಸಾಧ್ಯವಿರಲಿಲ್ಲ. ಅಂಬರೀಶ ಎಂಬವನು ಪಾಠಪುಸ್ತಕದ ಪುಟವನ್ನೇ ಇಳಿಸಿ "ಹಸಿರು ಸೊಪ್ಪು, ಮೊಳಕೆ ಕಾಳು, ಹಾಲು ಹಾಗೂ ಋತುಮಾನದ ಹಣ್ಣುಗಳು" ಎಂದು ಬರೆದಿದ್ದ. ಅದನ್ನು ಅವಳು ಓದಿದ್ದೇ ತಡ ಹಿಂದಿನ ಬೆಂಚಿನ ಜಗನ್ ಎದ್ದು ನಿಂತ. "ಸುಳ್ಳು ಮಿಸ್! ಅವರಪ್ಪ ನಿನ್ನೆ ಎಗ್ ರೈಸ್ ಪಾರ್ಸೆಲ್ ಹಿಡ್ಕೊಂಡು ಹೋಗ್ತಿದ್ರು, ನಾನೇ ನೋಡ್ದೆ." "ಅದು ನಮ್ಮ ಮಾಮಂಗೆ ಕಣೋ!" "ಹೌದೌದು, ನಿಮ್ಮ ಮಾಮನೇ ಋತುಮಾನದ ಹಣ್ಣು." ಅವಳು ಕೋಲಿನಿಂದ ಮೇಜು ಕುಟ್ಟಿದಳು, ನಗು ತಡೆಯಲಾಗದೆ ಇನ್ನೊಂದು ಚೀಟಿ ಬಿಡಿಸಿದಳು. ಹರಿತಾಳ ದುಂಡು ಅಕ್ಷರ. ನಿನ್ನೆ ಸಾಯಂಕಾಲ ನಮ್ಮ ಮನೆಯಲ್ಲಿ ಬರೀ ಸಂಕಟ.

ಓದಿ ಮುಗಿಸುವ ಮೊದಲೇ ಜ್ಯೋತಿಲಕ್ಷ್ಮಿ ಆ ತರಗತಿಯಲ್ಲಿ ಇರಲಿಲ್ಲ. ಅವಳು ಚಿಂತಾಮಣಿ ಕಡೆಯ ಆಂಧ್ರದ ಅಂಚಿನ ಹಳ್ಳಿಯಲ್ಲಿ, ಐದನೇ ಕ್ಲಾಸಿನಲ್ಲಿ, ನೆಲದ ಮೇಲೆ ಹಾಸಿದ ಗೋಣಿತಾಟಿನ ಮೇಲೆ ಕೂತಿದ್ದಳು. ಎದುರಿಗೆ ವೆಂಕಟರವಣಪ್ಪ ಮೇಷ್ಟ್ರು, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಅವಳ ಪುಸ್ತಕ. 'ನಮ್ಮ ಮನೆಯ ಊಟ' ಎಂಬ ಪ್ರಬಂಧ. ಆ ಊರಿನಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ರಾಗಿ ಮುದ್ದೆಗೆ ಮನೆಯಲ್ಲಿ ಸಂಕಟಿ ಎನ್ನುತ್ತಿದ್ದರು. ಎಲ್ಲ ತೆಲುಗು ಮಾತಿಗೂ ಕೊನೆಯಲ್ಲಿ ಏನೋ ಒಂದು ಕತ್ತರಿಸಿದರೆ ಕನ್ನಡವಾಗುತ್ತದೆ ಎಂಬುದು ಹತ್ತು ವರ್ಷದ ಹುಡುಗಿ ತನ್ನಷ್ಟಕ್ಕೆ ಕಂಡುಕೊಂಡಿದ್ದ ವ್ಯಾಕರಣ. ಟಕಾರದ ಮೇಲಿನ ಗುಡಿಸು ಕತ್ತರಿಸಿದ್ದಳು. ಮೇಷ್ಟ್ರು ಗಟ್ಟಿಯಾಗಿ, ರಾಗವಾಗಿ ಓದಿದರು: "ನಮ್ಮ ಮನೆಯಲ್ಲಿ ದಿನಾಲೂ ಎರಡು ಹೊತ್ತು ಸಂಕಟ. ನಮ್ಮ ಅಮ್ಮ ಕೋಲು ಹಾಕಿ ತಿರುವಿ ತಿರುವಿ ಸಂಕಟ ಮಾಡುತ್ತಾಳೆ. ಸಂಕಟ ಬಿಸಿಯಾಗಿದ್ದರೆ ನನಗೆ ಬಹಳ ಇಷ್ಟ." ಅವರು ಕೆಟ್ಟವರಲ್ಲ. ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಏನಮ್ಮ, ಸಂಕಟಕ್ಕೆ ಸಾರೂ ಇರ್ತದಾ?" ಎಂದರು. ಅವಳು ಭಕ್ತಿಯಿಂದ, "ಇರ್ತದೆ ಸಾರ್" ಎಂದಳು. ಏಳನೇ ಕ್ಲಾಸು ಮುಗಿಯುವವರೆಗೆ ಅವಳ ಹೆಸರು ಸಂಕಟ. ಮದುವೆಯ ದಿನ ಊಟದ ಸಾಲಿನಲ್ಲಿ ಯಾರೋ ಹಳೆಯ ಗೆಳತಿ ಮದುವಣಿಗನಿಗೆ ಕೇಳುವ ಹಾಗೆ "ಸಂಕಟ, ಇನ್ನೆರಡು ಹೋಳಿಗೆ ಕಳ್ಸೇ" ಎಂದು ಕೂಗಿದ್ದಳು.

ಆ ಪ್ರಬಂಧದ ದಿನ ಮನೆಗೆ ಹೋಗಿ ಅವಳು ಅಮ್ಮನ ಮುಂದೆ ಪುಸ್ತಕದ ಚೀಲ ಎಸೆದಿದ್ದಳು. ಅಮ್ಮ ಕದಿರಮ್ಮ ಒಲೆಯ ಮುಂದೆ ಪಾತ್ರೆ ಅಲುಗದಂತೆ ಕೊಟ್ಟ ಕವಲುಕೋಲನ್ನು ಎರಡೂ ಪಾದದಿಂದ ಒತ್ತಿ ಹಿಡಿದು ಹಿಟ್ಟು ತಿರುವುತ್ತಿದ್ದಳು. ಮುಖದ ಮೇಲೆ ಆವಿ, ಹಣೆಯ ಕುಂಕುಮ ಮೂಗಿಗೆ ಇಳಿದಿತ್ತು. ಇನ್ನು ಮೇಲೆ ಇದಕ್ಕೆ ಮುದ್ದೆ ಅನ್ನಬೇಕು, ಸಂಕಟಿ ಅಂದರೆ ನಾನು ಉಣ್ಣುವುದಿಲ್ಲ ಎಂದು ಹುಡುಗಿ ಅಪ್ಪಣೆ ಮಾಡಿದಳು. "ರೆಂಡೂ ಒಕಟೇ ಕದಮ್ಮಾ," ಎರಡೂ ಒಂದೇ ಅಲ್ಲವೇ ಎಂದು ಅಮ್ಮ ನಕ್ಕಳು. ಆದರೆ ಮಾರನೆಯ ದಿನದಿಂದ, ಮಗಳ ತಟ್ಟೆಯ ಮುಂದೆ ಮಾತ್ರ, ಬಾಯಲ್ಲಿ ಬೇರೆಯವರ ಹಲ್ಲು ಇಟ್ಟುಕೊಂಡವಳ ಹಾಗೆ, "ಮುದ್ದೆ ಹಾಕ್ಲಾ ಅಮ್ಮಣ್ಣೀ?" ಎನ್ನುತ್ತಿದ್ದಳು. ಅಪ್ಪನಿಗೆ ಸಂಕಟಿ, ಅಣ್ಣನಿಗೆ ಸಂಕಟಿ, ಅವಳಿಗೆ ಮುದ್ದೆ. ಒಂದೇ ಪಾತ್ರೆಯಿಂದ. ಸಾಯುವ ವರ್ಷ, ಜ್ಯೋತಿಲಕ್ಷ್ಮಿಗೆ ಕೆಲಸ ಸಿಕ್ಕಿ, ಮಕ್ಕಳಾಗಿ, ತಾನು ಮಾಡಿದ್ದ ಅಪ್ಪಣೆಯನ್ನೇ ಮರೆತುಬಿಟ್ಟಿದ್ದ ಕಾಲದಲ್ಲಿ ಕೂಡ, ಮಂಚದ ಮೇಲಿಂದಲೇ ಅಮ್ಮ ವಿಚಾರಿಸಿದ್ದಳು: "ಮುದ್ದೆ ತಿಂದ್ಯಾ?" ತನ್ನ ಒಲೆಯ ಮೇಲೆ ತಾನು ಬೇಯಿಸಿದ್ದನ್ನು ಮೂವತ್ತು ವರ್ಷ ಇನ್ನೊಬ್ಬರ ಹೆಸರಿನಲ್ಲಿ ಕರೆದಳಲ್ಲ ಎಂದು ಜ್ಯೋತಿಲಕ್ಷ್ಮಿಗೆ ಹೊಳೆದದ್ದು ಹನ್ನೊಂದನೆಯ ದಿನ, ಎಡೆ ಇಡುವಾಗ, ಪುರೋಹಿತರು "ಅವರಿಗೆ ಏನಿಷ್ಟ ಇತ್ತಮ್ಮ?" ಎಂದಾಗ. ಬಾಯಿಗೆ ಎರಡು ಪದವೂ ಬರದೆ, "ಅನ್ನ" ಎಂದುಬಿಟ್ಟಳು.

ಆ ಬಿಸಿ ಸಂಕಟಿಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ ಅಮ್ಮ ತುಪ್ಪ ಬಿಡುತ್ತಿದ್ದಳು. ಬೆರಳು ಸುಡದಂತೆ ನೀರಿನಲ್ಲಿ ಅದ್ದಿಕೊಳ್ಳುತ್ತಿದ್ದ ಚುಯ್ ಎಂಬ ಸದ್ದು. ಹುರಿದ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ ಕುಟ್ಟಿದ ಚಟ್ನಿಯ ಘಾಟು. ಬೆಳಿಗ್ಗೆ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಶಾಲೆಗೆ ಓಡಿದರೆ ಮಧ್ಯಾಹ್ನದವರೆಗೂ ಹೊಟ್ಟೆ ತಣ್ಣಗೆ. ಆಗ ಯಾರೂ ಅದನ್ನು ಪೌಷ್ಟಿಕ ಎಂದಿರಲಿಲ್ಲ.

ಅವಳ ಕಣ್ಣು ತುಂಬಿತ್ತು. ಚೀಟಿ ಹಿಡಿದು ಅವಳು, ಈ ಇಪ್ಪತ್ತು ವರ್ಷದಲ್ಲಿ ಯಾವ ತರಗತಿಯಲ್ಲೂ ಹೇಳದಿದ್ದ ತನ್ನ ಸಂಕಟದ ಕಥೆಯನ್ನು ಹೇಳಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು, ಆದರೆ ಅವಳನ್ನು ನೋಡಿ ನಕ್ಕರು, ಹರಿತಾಳನ್ನಲ್ಲ. ಅದೇ ಅವಳಿಗೆ ಬೇಕಾಗಿದ್ದದ್ದು. ಬೋರ್ಡಿನ ಮೇಲೆ ಸಂಕಟ ಎಂದು ಬರೆದು, "ಇದಕ್ಕೊಂದು ಗುಡಿಸು ಕೊಟ್ರೆ ಹೊಟ್ಟೆ ತುಂಬುತ್ತೆ, ನೋಡಿ," ಎಂದು ಟಕಾರದ ತಲೆಗೆ ಸುರುಳಿ ಸುತ್ತಿದಳು. ಆ ಮಾತು ಹೇಳಿ ತನಗೇ ಮೆಚ್ಚುಗೆಯಾಯಿತು. ಚೀಟಿಯ ಮೇಲೂ ಕೆಂಪು ಪೆನ್ನಿನಲ್ಲಿ ಗುಡಿಸು ಬಿತ್ತು.

"ಇನ್ನು ಯಾರೂ ಹರಿತಾನ ಆಡ್ಕೋಬಾರ್ದು. ಸಂಕಟಿ ಅಂದ್ರೂ ಮುದ್ದೆ ಅಂದ್ರೂ ಒಂದೇ. ಅಲ್ವೇನಮ್ಮ?"

"ಹೂಂ ಮಿಸ್."

"ನಂಚ್ಕೊಳ್ಳೋಕೆ ಏನಿತ್ತು?"

"ಏನೂ ಇರ್ಲಿಲ್ಲ ಮಿಸ್."

"ಮಜ್ಜಿಗೇನೂ ಇಲ್ವಾ?"

"ಬರೀ ಅದೇ ಮಿಸ್."

ಹಾಗಾದರೆ ಇಲ್ಲಿ ಎರಡು ಪಾಲು ಖಾಲಿ ಬಿದ್ದಿದೆ ನೋಡಿ ಎಂದು ಅವಳು ಪಾಠಕ್ಕೆ ತಿರುಗಿದಳು. ಚೀಟಿಯನ್ನು ಶಕ್ತಿ ಕೊಡುವ ಪಾಲಿನ ನಟ್ಟನಡುವೆ ಅಂಟಿಸಿದಳು. ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಹೆಡ್‌ಮೇಷ್ಟ್ರು ಮುನಿವೆಂಕಟಪ್ಪ ಒಳಗೆ ಬಂದರು. "ಮೇಡಂ, ಭಾಷೇನೂ ಆಯ್ತು, ವಿಜ್ಞಾನಾನೂ ಆಯ್ತು. ಈ ತರದ್ದು ಗ್ರೂಪಿಗೆ ಹಾಕ್ಬೇಕು. ಬಾರಮ್ಮ ಮಗಳೇ, ಆ ಅಕ್ಷರದ ಮೇಲೆ ಬೆರಳಿಟ್ಕೊ. ಸ್ವಲ್ಪ ನಗು." ಹರಿತಾ ಬೆರಳಿಟ್ಟಳು. ನಗು ಎಂದದ್ದಕ್ಕೆ ಸ್ವಲ್ಪವೇ ನಕ್ಕಳು. ಫೋಟೋ ಹೋದ ಐದು ನಿಮಿಷಕ್ಕೆ ಜ್ಯೋತಿಲಕ್ಷ್ಮಿಯ ಮೊಬೈಲಿನಲ್ಲಿ ಚಪ್ಪಾಳೆಯ ಗುರುತುಗಳು ಬೀಳತೊಡಗಿದವು. ತರಬೇತಿಗೆ ಜೊತೆಯಾಗಿದ್ದ ಗೌರಿಬಿದನೂರಿನ ಟೀಚರೊಬ್ಬಳು ಮೂರು ಕೆಂಪು ಹೃದಯ ಕಳಿಸಿದ್ದಳು. ಅವಳು ಅವನ್ನು ಒಂದೆರಡು ಸಲ ತೆಗೆದು ನೋಡಿದಳು.

ಮುಚ್ಚಳ ವಾಪಸ್ಸು ಕೊಡಲು ಊಟದ ಹೊತ್ತಿನಲ್ಲಿ ಅಡುಗೆಮನೆಗೆ ಹೋದಾಗ ಗಂಗುಲಮ್ಮ ಸೌಟು ಕೆಳಗಿಡದೆ ಮಾತು ತೆಗೆದಳು. ಇಪ್ಪತ್ತು ಸೇರಿನ ಪಾತ್ರೆಯನ್ನು ಒಬ್ಬಳೇ ಇಳಿಸುವ ಹೆಂಗಸು, ಗುಟ್ಟನ್ನೂ ಗಟ್ಟಿಯಾಗಿಯೇ ಹೇಳುವವಳು.

"ಮೇಡಂ, ಆ ಅಮ್ಮಾಜಮ್ಮನ ಮೊಮ್ಮಗಳು ಮೂರು ಸಲ ಅನ್ನ ಹಾಕಿಸ್ಕೊಂಡವ್ಳೆ. ಒಂದ್ ವಾರದಿಂದ ಹಿಂಗೇ."

"ಯಾರು, ಹರಿತಾನಾ? ಹಾಕು ಹಾಕು, ಬೆಳೆಯೋ ವಯಸ್ಸು."

"ಬೆಳೆಯೋ ವಯಸ್ಸಲ್ಲ, ರಾತ್ರಿ ಉಣ್ಣದಿರೋ ಹೊಟ್ಟೆ. ಅವರು ಬೇರೆ ಆದ್ರಲ್ಲ ಹೋದ ಸೋಮವಾರ? ಅಜ್ಜಿ, ಚಿಕ್ಕಪ್ಪ ಒಂದು ಒಲೆ. ಅವರಪ್ಪ ಅಮ್ಮ ಒಂದು ಒಲೆ. ಅಮ್ಮಾಜಮ್ಮ ಡೈರಿ ಹತ್ರ ಸಿಕ್ಕಿದ್ಲು. ಮೊಮ್ಮಗಳು ಅವರಮ್ಮನ ಹತ್ರಾನೇ ಉಣ್ತೈತೆ, ನನ್ ಕೈ ಊಟ ಬೇಡಾಯ್ತು ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ಅವರಮ್ಮ ತನುಜಾ ಬೋರ್‌ವೆಲ್ ಹತ್ರ ಸಿಕ್ಕಿದ್ಲು. ಅತ್ತೆ ನನ್ ಮಗಳ್ನ ಅನ್ನ ಹಾಕಿ ಹಾಕಿ ಆ ಕಡೆ ಎಳ್ಕೊಂಡವ್ಳೆ ಅಂತ ಬೈದ್ಲು. ನಾನು ಎರಡೂ ಮಾತು ಕೂಡಿಸ್ದೆ ಮೇಡಂ. ಎಲ್ಲೂ ಉಣ್ತಾ ಇಲ್ಲ ಮಗು. ಇವಳಿಗೆ ಅಲ್ಲಿ ಉಂಡೆ ಅಂತೈತೆ, ಅವಳಿಗೆ ಇಲ್ಲಿ ಉಂಡೆ ಅಂತೈತೆ. ಯಾರ ಮನಸ್ಸೂ ನೋಯಿಸ್ಬಾರ್ದು ಅಂತ."

"ನೀನು ಅವರಿಗೆ ಹೇಳ್ಬಾರ್ದಾ?"

"ನಾನಾ? ಹೇಳಿದ್ರೆ ನೀನು ಯಾವ ಕಡೆಯೋಳು ಅಂತಾರೆ. ನಾನು ಈ ಊರಲ್ಲೇ ಸಾಯ್ಬೇಕಲ್ಲ. ನೀವಾದ್ರೆ ಬಸ್ಸು ಹತ್ತಿ ಹೋಗೋರು."

ಮಧ್ಯಾಹ್ನದ ಎರಡು ಪೀರಿಯಡ್ಡುಗಳಲ್ಲಿ ಅವಳು ಏನು ಪಾಠ ಮಾಡಿದಳೋ ಅವಳಿಗೇ ನೆನಪಿಲ್ಲ. ಗೋಡೆಯ ಮೇಲೆ ತಟ್ಟೆ ತೂಗುತ್ತಿತ್ತು. ಮಗು ತಪ್ಪು ಬರೆದಿರಲಿಲ್ಲ. ತಪ್ಪಿಲ್ಲದ, ಶುದ್ಧವಾದ, ವೆಂಕಟರವಣಪ್ಪ ಮೇಷ್ಟ್ರು ಸರಿ ಗುರುತು ಹಾಕಬಹುದಾಗಿದ್ದ ಒಂದು ಕನ್ನಡ ವಾಕ್ಯ. ಅದರ ತಲೆಯ ಮೇಲೆ ತಾನು ಕೆಂಪು ಸುರುಳಿ ಸುತ್ತಿ ಅದನ್ನು ಊಟವಾಗಿಸಿದ್ದಳು. ಯಾರ ಮನೆಯದು ಬರೆಯಬೇಕು ಎಂದು ಬಾಯಿಬಿಟ್ಟು ಕೇಳಿತ್ತು ಆ ಮಗು. ಅದನ್ನೂ ನಗೆ ಮಾಡಿದ್ದಳು. ಮೇಷ್ಟ್ರು ಅವತ್ತು ನಕ್ಕಿದ್ದರು ನಿಜ. ಆದರೆ ಅವರು ಬರೆದದ್ದನ್ನು ಬರೆದ ಹಾಗೇ ಓದಿದ್ದರು. ಮೂವತ್ತಾರು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಅವಮಾನವನ್ನು ಇವತ್ತು ಎಷ್ಟು ಚೆಂದದ ನೆನಪಾಗಿ ಬಡಿಸಿದ್ದಳು, ತುಪ್ಪ ಹಾಕಿ! ಎದುರಿಗೆ ಕೂತ ಹಸಿದ ಹೊಟ್ಟೆ ಅದನ್ನು ಕೇಳುತ್ತಿತ್ತು. ಹೆಬ್ಬೆರಳಿನ ಗುಳಿ, ಚಟ್ನಿಯ ಘಾಟು ಎಲ್ಲ ವರ್ಣಿಸಿದ್ದಳೇ? ಬಾಯಿಬಿಟ್ಟು ಹೇಳಿದ್ದೆಷ್ಟು, ಮನಸ್ಸಿನಲ್ಲೇ ಅಂದುಕೊಂಡದ್ದೆಷ್ಟು ಎಂದು ಈಗ ಬಿಡಿಸಲಾಗಲಿಲ್ಲ. ಚೀಟಿ ಕಿತ್ತುಬಿಡಲೇ ಎಂದು ಎರಡು ಸಲ ಗೋಡೆಯ ಬಳಿ ಹೋದಳು. ಕಿತ್ತರೆ ಜಗನ್ ಎದ್ದು ಯಾಕೆ ಮಿಸ್ ಎನ್ನುತ್ತಾನೆ. ಸಂಕಟಿಯಲ್ಲ, ಸಂಕಟವೇ ಎಂದರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ, ಹುಡುಗಿ ಯಾವ ಬಾಗಿಲಿಗೂ ಹೋಗದಂತಾಗುತ್ತದೆ. ಹರಿತಾ ತಲೆ ಬಗ್ಗಿಸಿ ಲೆಕ್ಕ ಮಾಡುತ್ತಿದ್ದಳು. ಅವಳ ಮುಖದಲ್ಲಿ ದೂರು ಇರಲಿಲ್ಲ. ದೊಡ್ಡವರಿಗೆ ಏನು ಕೇಳಿದರೆ ಸಮಾಧಾನವೋ ಅದನ್ನೇ ಹೇಳಿ ಅಭ್ಯಾಸವಾದ ಮುಖ. ಹೂಂ ಮಿಸ್. ಮುದ್ದೆ ಹಾಕ್ಲಾ ಅಮ್ಮಣ್ಣೀ.

ಶಿಡ್ಲಘಟ್ಟದ ಬಸ್ಸು ಅವಳನ್ನು ಬಿಟ್ಟೇ ಹೋಯಿತು. ಹೋಗಲಿ, ಆರೂಮುಕ್ಕಾಲಿಗೆ ಇನ್ನೊಂದಿದೆ ಎಂದುಕೊಂಡಳು. ದಾಖಲೆ ಪುಸ್ತಕಗಳನ್ನು ಸುಮ್ಮನೆ ತಿರುವುತ್ತ ಶಾಲೆಯಲ್ಲೇ ಕೂತಿದ್ದು, ಹೊತ್ತು ಇಳಿದ ಮೇಲೆ ಹೊರಟು, ಹಿಪ್ಪುನೇರಳೆ ತೋಟದ ಬದುವಿನಲ್ಲಿ ಸೊಪ್ಪಿನ ಕಂತೆ ಹೊತ್ತು ಬರುತ್ತಿದ್ದ ಹರಿತಾಳನ್ನು ಸೇರಿಕೊಂಡಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಜೋಡಿಸಿದ ಒಂದೊಂದು ಮಾತೂ ತರಬೇತಿಯಲ್ಲಿ ಕೇಳಿದ್ದರ ಹಾಗೆ ಕಂಡಿತು.

"ಹರಿತಾ, ನೀನು ಬರೆದಿದ್ದು ಊಟ ಅಲ್ಲ ಅಲ್ವಾ?"

ಹುಡುಗಿ ಕಂತೆಯ ಕೆಳಗಿನಿಂದ ಒಂದು ಸಲ ನೋಡಿದಳು. "ಪರವಾಗಿಲ್ಲ ಮಿಸ್. ನೀವು ಚೆನ್ನಾಗಿ ಹೇಳ್ತಿದ್ರಿ."

ಮನೆ ಉದ್ದನೆಯದು. ನಡುಮನೆಗೆ ಅಡ್ಡ ಎಬ್ಬಿಸಿದ ಹಾಲೋಬ್ರಿಕ್ ಗೋಡೆಗೆ ಇನ್ನೂ ಗಾರೆ ಬಿದ್ದಿರಲಿಲ್ಲ. ಒಂದೇ ಜಗುಲಿಗೆ ಈಗ ಎರಡು ಬಾಗಿಲು. ಹಿಂದಿನ ಹುಳುಮನೆಯೊಂದೇ ಪಾಲಾಗಿರಲಿಲ್ಲ. ರೇಷ್ಮೆಹುಳು ಕೊನೆಯ ಸಲ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿದ್ದವು, ಗೂಡು ಕಟ್ಟುವ ಮುಂಚಿನ ವಾರ. ಆಗ ಅವಕ್ಕೆ ಹಗಲು ರಾತ್ರಿ ಮೇವು ತಪ್ಪುವಂತಿಲ್ಲ, ಮನುಷ್ಯರ ಜಗಳಕ್ಕೆ ಅವು ಕಾಯುವುದಿಲ್ಲ. ಅತ್ತೆ ಒಂದು ಬಿದಿರು ತಟ್ಟಿಗೆ, ಸೊಸೆ ಇನ್ನೊಂದು ತಟ್ಟಿಗೆ ಸೊಪ್ಪು ಹರಡಿ, ಮಾತಿಲ್ಲದೆ, ಒಬ್ಬರ ಹಿಂದೊಬ್ಬರು ಹೊರಬಂದರು. ಒಳಗೆ ಸಾವಿರಾರು ಬಾಯಿ ಎಲೆ ಮೇಯುವ ಸದ್ದು, ಸೋಗೆಯ ಮೇಲೆ ತುಂತುರು ಬಿದ್ದ ಹಾಗೆ. ಈ ಮನೆಯಲ್ಲಿ ಯಾರೂ ಹಸಿದಿಲ್ಲ ಎಂದು ಹೇಳುವ ಸದ್ದು.

ಟೀಚರನ್ನು ಕಂಡು ಇಬ್ಬರೂ ತಮ್ಮ ತಮ್ಮ ಬಾಗಿಲಿಗೆ ಓಡಿದರು. ಎರಡು ಚಾಪೆ ಬಂದವು. ಜಗುಲಿಯ ಈ ತುದಿಗೊಂದು, ಆ ತುದಿಗೊಂದು. ಜ್ಯೋತಿಲಕ್ಷ್ಮಿ ನಡುವೆ, ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಹರಿತಾ ಕಂತೆ ಇಳಿಸಿ ಪಕ್ಕದಲ್ಲಿ ನಿಂತಳು.

"ಮಗಳು ಚೆನ್ನಾಗಿ ಓದ್ತಾಳಾ ಮೇಡಂ?" ಎಂದಳು ತನುಜಾ, ಜಂಗಮಕೋಟೆಯಿಂದ ಬಂದ ಸೊಸೆ. "ಚೆನ್ನಾಗಿ ಬರೀತಾಳೆ," ಎಂದಳು ಜ್ಯೋತಿಲಕ್ಷ್ಮಿ.

"ಹೊತ್ತಾಯ್ತು, ಊಟ ಮಾಡ್ಕೊಂಡೇ ಹೋಗ್ಬೇಕು. ಬನ್ನಿ ಒಳಗೆ."

"ತಿನೇಸಿ ಪೋದುರು ರಾಂಡಮ್ಮಾ," ಎಂದು ಆ ಬಾಗಿಲಿನಿಂದ ಅಮ್ಮಾಜಮ್ಮ. "ಇಕ್ಕಡ ಅಂತಾ ರೆಡೀಗಾ ಉಂದಿ." ಉಂಡು ಹೋಗುವಿರಂತೆ ಬನ್ನಿ, ಇಲ್ಲಿ ಎಲ್ಲ ತಯಾರಿದೆ.

ಎರಡು ಬಾಗಿಲಿನಲ್ಲೂ ದೀಪ. ಎರಡರಲ್ಲೂ ಒಂದೇ ಸಾರಿನ ಒಗ್ಗರಣೆ. ಸೊಸೆಗೆ ಅಡುಗೆ ಕಲಿಸಿದವಳು ಅತ್ತೆಯೇ ಇರಬೇಕು. ಇಬ್ಬರ ಕಣ್ಣೂ ಟೀಚರಿನ ಪಾದದ ಮೇಲೆ, ಅದು ಯಾವ ಕಡೆ ತಿರುಗುತ್ತದೋ ಎಂದು. ಒಂದೇ ಒಂದು ಹೆಜ್ಜೆ, ಆದರೆ ಎತ್ತಿಟ್ಟರೆ ಇನ್ನೊಂದು ಬಾಗಿಲಿನಲ್ಲಿ ಒಬ್ಬ ಹೆಂಗಸು ಅಳುತ್ತಾಳೆ. ನಲವತ್ತಾರು ವರ್ಷದ, ಸಂಬಳ ಬರುವ, ಈ ಊರಿನವಳಲ್ಲದ ತನಗೇ ಕಾಲು ಏಳುತ್ತಿಲ್ಲ. ಅವಳ ಬಾಯಿ ತನ್ನಷ್ಟಕ್ಕೆ ಹೇಳಿತು: "ಇಲ್ಲಮ್ಮ, ನಂದು ಆಯ್ತು. ಸ್ಕೂಲಲ್ಲೇ ಆಯ್ತು."

ಪಕ್ಕದಿಂದ, ಸೆರಗಿನ ಮಟ್ಟದಿಂದ, ಹರಿತಾ ತುಟಿ ಅಲುಗಿಸದೆ ಪಿಸುಗುಟ್ಟಿದಳು. "ಅಷ್ಟೇ ಅಂದ್ರೆ ಸಾಲಲ್ಲ ಮಿಸ್. ಏನ್ ಸಾರು ಅಂತ ಕೇಳ್ತಾರೆ."

"ಅಯ್ಯೋ, ಇಷ್ಟು ಬೇಗ್ನೆ? ಏನ್ ಸಾರು ಮೇಡಂ?" ಎಂದಳು ತನುಜಾ.

"ಹುಳಿಸೊಪ್ಪು ಅನ್ನಿ. ಅದಕ್ಕೆ ಮುಂದಕ್ಕೆ ಏನೂ ಕೇಳಲ್ಲ," ಎಂದಳು ಹರಿತಾ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಉತ್ಸಾಹವಿತ್ತು. ದಡ್ಡ ಗೆಳತಿಗೆ ಲೆಕ್ಕ ಹೇಳಿಕೊಡುವವಳ ಉತ್ಸಾಹ.

ಜ್ಯೋತಿಲಕ್ಷ್ಮಿ ಆ ಪುಟ್ಟ ಮುಖ ನೋಡಿದಳು. ಹುಳಿಸೊಪ್ಪು ಎನ್ನಲು ಬಾಯಿ ತೆರೆದಳು ಕೂಡ. ಬಂದದ್ದು ಬೇರೆ, ಐದನೇ ಕ್ಲಾಸಿನಿಂದ ಈಚೆಗೆ ಹೊರಗಿನವರ ಮುಂದೆ ಅವಳು ಆಡದಿದ್ದ ಮನೆಮಾತಿನಲ್ಲಿ, ಬೇಡದಷ್ಟು ಗಟ್ಟಿಯಾಗಿ ಬಂತು: "ತಿನಲೇದಮ್ಮಾ. ನೇನೂ ತಿನಲೇದು. ಈ ಬಿಡ್ಡ ವಾರಂ ನುಂಚೀ ರಾತ್ರಿ ತಿನಲೇದು." ನಾನೂ ಉಂಡಿಲ್ಲ, ಈ ಮಗುವೂ ವಾರದಿಂದ ರಾತ್ರಿ ಉಂಡಿಲ್ಲ.

ಹರಿತಾ ಸರಕ್ಕನೆ ದೂರ ಸರಿದಳು. ಗುಟ್ಟು ಬಿಟ್ಟುಕೊಟ್ಟ ಗೆಳತಿಯನ್ನು ನೋಡುವ ಹಾಗೆ, ಕಣ್ಣು ತುಂಬ ಸಿಟ್ಟಿನಿಂದ ನೋಡಿದಳು. ಜ್ಯೋತಿಲಕ್ಷ್ಮಿ ಆ ನೋಟ ತಪ್ಪಿಸಲಿಲ್ಲ.

"ನೀ ದಗ್ಗರ ತಿನಲೇದಾ?" ಎಂದಳು ಅಮ್ಮಾಜಮ್ಮ, ನಿನ್ನ ಹತ್ತಿರ ಉಣ್ಣಲಿಲ್ಲವೇ ಎಂದು, ಸೊಸೆಯ ಕಡೆ ತಿರುಗಿ.

"ನಿಮ್ ಹತ್ರ ಉಂಡಿಲ್ವಾ ಅತ್ತೆ?" ಎಂದಳು ತನುಜಾ ಅದೇ ಉಸಿರಿನಲ್ಲಿ.

ಬೇರೆಯಾದ ಮೇಲೆ ಅವರಿಬ್ಬರೂ ಮುಖ ನೋಡಿ ಆಡಿದ ಮೊದಲ ಮಾತು. ಎರಡೂ ಪ್ರಶ್ನೆಗಳೇ. ಇಬ್ಬರೂ ಉತ್ತರಕ್ಕಾಗಿ ಹುಡುಗಿಯ ಕಡೆ ನೋಡಿದರು. ಹರಿತಾ ಅಜ್ಜಿಯ ಬಾಗಿಲು ನೋಡಿದಳು, ಅಮ್ಮನ ಬಾಗಿಲು ನೋಡಿದಳು. ಆಮೇಲೆ ಎರಡಕ್ಕೂ ಬೆನ್ನು ಮಾಡಿ, ನಡುವಿನ ಗಾರೆಯಿಲ್ಲದ ಗೋಡೆಗೆ ಹಣೆ ಹಚ್ಚಿ, ಅದಕ್ಕೇ ದೂರು ಕೊಡುವವಳ ಹಾಗೆ ಹೇಳಿದಳು:

"ಹಸೀತೈತೆ."